ಶಾಲೆಯಂಗಳ: ಮಂಜಿಲ್ಲದ ಊರಿನಲ್ಲಿ ಮಂಜಿನ ಆಟ

ಕುಮಟೆಯ ಕಡೆಯ ತರುಣ ದೈಹಿಕ ಶಿಕ್ಷಕರೊಬ್ಬರಿಂದ ಒಂದು ಓಲೆ ಬಂದಿದೆ. ಈ ಛಳಿಗಾಲದಲ್ಲಿ ತಮ್ಮ ಶಾಲೆಯ ಮಕ್ಕಳಿಗೆ ಹಿಮಕ್ರೀಡೆಗಳ ಪರಿಚಯ ಮಾಡಿಕೊಡಬೇಕೆಂಬ ಹಂಬಲ ಅವರಿಗೆ. ವಿಷಯವನ್ನು ಮುಖ್ಯೋಪಾಧ್ಯಾಯರ ಮುಂದಿಟ್ಟಾಗ ಆ ಹಿರಿಯರು ಕನ್ನಡಕವನ್ನು ಹಣೆಗೇರಿಸಿ, “ಮಾಸ್ತರೇ, ನಮ್ಮ ಶಾಲೆಯಲ್ಲಿ ಮಂಜು ಬೇಕಾದರೆ ಹಾಜರಿ ಪುಸ್ತಕದಲ್ಲಿ ಹುಡುಕಬೇಕು. ಏಳನೆಯ ತರಗತಿಯೊಂದರಲ್ಲೇ ಮೂವರು ಮಂಜುನಾಥರಿದ್ದಾರೆ!” ಎಂದು ನಕ್ಕುಬಿಟ್ಟರಂತೆ. “ತಾವಾದರೂ ಹೇಳಿ, ನನ್ನ ಆಸೆ ಹುಚ್ಚೆ?” ಎಂದು ಓಲೆ ಮುಗಿದಿದೆ.

ಹುಚ್ಚೆಂದು ನಾನು ಹೇಳಲಾರೆ. ಭಟ್ಕಳ, ಹೊನ್ನಾವರ, ಕುಮಟೆಗಳಲ್ಲಿ ಪುಷ್ಯಮಾಸದ ಬೆಳಗಿನಲ್ಲಿಯೂ ಉಷ್ಣಮಾನವು ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸಿನಲ್ಲಿ ನಿಂತುಬಿಡುತ್ತದೆ ಎಂಬುದೇನೋ ನಿಜ. ಅಷ್ಟಕ್ಕೇ ನಾವು ಕಂಬಳಿ ಹೊದೆದು ಒಲೆಯ ಬುಡ ಸೇರುತ್ತೇವೆ ಎಂಬುದೂ ನಿಜ. ಆದರೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಈ ಸೀಮೆಯಲ್ಲಿ ಜೂನಿನಿಂದ ಸಪ್ಟೆಂಬರಿನವರೆಗೆ ಶಾಲೆಯ ಅಂಗಳವೆಂಬುದು ಕೆರೆ. ಏಪ್ರಿಲಿನಲ್ಲಿ ಅದೇ ಅಂಗಳ ಕಾದ ಹೆಂಚು. ಮಕ್ಕಳು ಮನದಣಿಯೆ ಓಡಾಡುವುದಕ್ಕೆ ಉಳಿಯುವ ಕಾಲವೆಂದರೆ ಛಳಿಗಾಲವೊಂದೇ. ಹೀಗಿರಲು ಛಳಿಗಾಲದ ಕ್ರೀಡೆ ನಮಗಲ್ಲದೆ ಇನ್ನಾರಿಗೆ?

ಇನ್ನು ಹಿಮವಿಲ್ಲವೆಂಬ ಕೊರತೆ. ಜಮೈಕಾ ಎಂಬುದು ನಮ್ಮಂತೆಯೇ ತೆಂಗು ಬೆಳೆಯುವ, ಬೆವರು ಸುರಿಸುವ ದ್ವೀಪ. ಅಲ್ಲಿಯ ತರುಣರು 1988ರಲ್ಲಿ ಕೆನಡಾದ ಕ್ಯಾಲ್ಗರಿಯ ಛಳಿಗಾಲದ ಒಲಿಂಪಿಕ್ಸಿಗೆ ಹೋಗಿ ಹಿಮಬಂಡಿಯ ಪಂದ್ಯದಲ್ಲಿ ಸ್ಪರ್ಧಿಸಿದರು. ಅವರ ಬಂಡಿ ದಾರಿಯಲ್ಲಿ ಮಗುಚಿತು. ಆದರೆ ಜಗತ್ತು ಮರೆಯದೆ ಇರುವುದು ಅವರನ್ನೇ. ನಮ್ಮ ಶಿವ ಕೇಶವನ್ ಅವರ ತಂದೆ ಕೇರಳದವರು, ಎಂದರೆ ಇದೇ ಪಡುಗಡಲ ತೀರದವರು. ಮನಾಲಿಯಲ್ಲಿ ಬೆಳೆದ ಶಿವ, ಜಾರುಬಂಡಿಗೆ ಗಾಲಿಗಳನ್ನು ಕಟ್ಟಿ ಹಿಮಾಲಯದ ಮೋಟಾರು ರಸ್ತೆಗಳಲ್ಲಿ ಲಾರಿಗಳ ನಡುವೆ ಅಭ್ಯಾಸಮಾಡಿ, 1998ರಿಂದ 2018ರವರೆಗೆ ಆರು ಛಳಿಗಾಲದ ಒಲಿಂಪಿಕ್ಸುಗಳಲ್ಲಿ ಸ್ಪರ್ಧಿಸಿದರು. ನಮ್ಮ ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರು 2024ರಲ್ಲಿ ಗುಲ್ಮಾರ್ಗದ ಹಿಮದ ಮೇಲೆ ಕರ್ನಾಟಕಕ್ಕೆ ಚಿನ್ನದ ಪದಕಗಳನ್ನು ಗೆದ್ದುಕೊಟ್ಟರು. ಕಾಫಿತೋಟದ ನಾಡಿನಿಂದ ಹಿಮಕ್ಕೆ ದಾರಿಯುಂಟಾದರೆ ಅಡಿಕೆತೋಟದ ನಾಡಿನಿಂದ ಇರಬಾರದೆ?

ಭಟ್ಕಳದ ಎಷ್ಟೋ ಮನೆಗಳಿಗೆ ದುಬಾಯಿಯೆಂದರೆ ನೆರೆಯೂರಿನಂತೆ. ಅಲ್ಲಿ 2005ರಲ್ಲಿ ಅಂಗಡಿಸಾಲುಗಳ ಮಧ್ಯೆಯೇ ಯಂತ್ರದಿಂದ ಹಿಮ ತಯಾರಿಸಿ, ಛಾವಣಿಯ ಕೆಳಗೊಂದು ಇಳಿಜಾರನ್ನು ಕಟ್ಟಿದ್ದಾರೆ. ರಜೆಗೆ ಊರಿಗೆ ಬಂದ ಮಕ್ಕಳು ಆ ಹಿಮದ ಕಥೆ ಹೇಳುವಾಗ ಊರ ಮಕ್ಕಳು ಬಾಯಿ ತೆರೆದು ಕೇಳುತ್ತಾರೆ. ಅಷ್ಟು ಹಣ ನಮ್ಮ ಶಾಲೆಗಳಲ್ಲಿಲ್ಲ, ಬೇಕಾಗಿಯೂ ಇಲ್ಲ. ಕಳೆದ ಜನವರಿಯಲ್ಲಿ ಹೊನ್ನಾವರ ತಾಲೂಕಿನ ಶರಾವತಿ ದಂಡೆಯ ಶಾಲೆಯೊಂದರಲ್ಲಿ ಕಂಡದ್ದನ್ನು ಹೇಳುತ್ತೇನೆ.

ಅಲ್ಲಿಯ ಮಾಸ್ತರರು ಮೂರು ಆಟಗಳನ್ನು ಹೂಡಿದ್ದರು. ಮೊದಲನೆಯದು ಜಾರುಬಂಡಿ. ಬಂಡಿ ಯಾವುದೆಂದರೆ ಅಡಿಕೆಯ ಹಾಳೆ! ಅಗಲವಾದ ಹಾಳೆಯ ಮೇಲೆ ಒಬ್ಬ ಕುಳಿತು ದಂಟನ್ನು ಹಿಡಿದುಕೊಳ್ಳುವುದು, ಇನ್ನೊಬ್ಬ ಸೋಗೆಯ ತುದಿ ಹಿಡಿದು ಎಳೆಯುವುದು. ನಾವೆಲ್ಲ ಬಾಲ್ಯದಲ್ಲಿ ತೋಟದ ದಾರಿಯಲ್ಲಿ ಆಡಿದ ಆಟವೇ. ಮಾಸ್ತರರು ಅದಕ್ಕೆ ಗೆರೆ ಎಳೆದು, ಅರ್ಧ ದಾರಿಯಲ್ಲಿ ಕುಳಿತವನು ಎಳೆಯುವವನಾಗಬೇಕೆಂಬ ನಿಯಮ ಹಾಕಿದ್ದರು. ಚಿರೇಕಲ್ಲಿನ ಹರಳಿರುವ ಅಂಗಳದಲ್ಲಿ ಇದು ಸಲ್ಲದು, ಮೊಣಕಾಲು ಕೆತ್ತಿಹೋದೀತು; ಕೊಯ್ಲಾದ ಗದ್ದೆಯಲ್ಲಿ ಕೂಳೆ ಚುಚ್ಚುತ್ತದೆ. ಹುಲ್ಲು ನೆಲವಾಗಲಿ, ಇಳಿತದ ಹೊತ್ತಿನ ಗಟ್ಟಿ ಮರಳಾಗಲಿ ಲೇಸು.

ಎರಡನೆಯದು ಸ್ಕಾಟ್‌ಲೆಂಡಿನವರ ಕರ್ಲಿಂಗ್. ಅಲ್ಲಿ ಸುಮಾರು 19 ಕಿಲೋ ತೂಗುವ ನುಣುಪಾದ ಕಲ್ಲನ್ನು ಮಂಜುಗಡ್ಡೆಯ ಮೇಲೆ ಜಾರಿಸಿ, ದೂರದ ವೃತ್ತದೊಳಗೆ ನಿಲ್ಲಿಸಬೇಕು. ಆ ವೃತ್ತವನ್ನು ಅವರು ತಮ್ಮ ಭಾಷೆಯಲ್ಲಿ ‘ಮನೆ’ ಎಂದೇ ಕರೆಯುತ್ತಾರೆ. ನಮ್ಮ ಕುಂಟೆಬಿಲ್ಲೆಯಲ್ಲೂ ಮನೆಯೇ ಅಲ್ಲವೆ? ಇಲ್ಲಿ ಶಾಲೆಯ ಸಿಮೆಂಟಿನ ಜಗುಲಿಯೇ ಮಂಜುಗಡ್ಡೆ, ಬೋರಲಾದ ತೆಂಗಿನ ಗರಟೆಯೇ ಕಲ್ಲು, ಸೀಮೆಸುಣ್ಣದ ವೃತ್ತವೇ ಮನೆ. ಇಬ್ಬರು ಕಸಬರಿಗೆ ಹಿಡಿದು ಗರಟೆಯ ಮುಂದೆ ಗುಡಿಸುತ್ತ ಸಾಗುತ್ತಾರೆ. ಮಂಜುಗಡ್ಡೆಯನ್ನು ಉಜ್ಜಿದಾಗ ಅದು ತುಸು ಬಿಸಿಯಾಗಿ ಘರ್ಷಣೆ ತಗ್ಗುತ್ತದೆ, ಕಲ್ಲು ಮುಂದೆ ಸಾಗುತ್ತದೆ. ಜಗುಲಿಯಲ್ಲಿ ಧೂಳು ತೊಲಗಿದಷ್ಟೂ ಗರಟೆ ಮುಂದೆ ಸಾಗುತ್ತದೆ. ವಿಜ್ಞಾನದ ಪಾಠ ಆಟದಲ್ಲೇ ಆಯಿತು, ಜಗುಲಿಯೂ ಚೊಕ್ಕಟವಾಯಿತು!

ಮೂರನೆಯದು ಬಯತ್ಲಾನ್. ಹಿಮದಲ್ಲಿ ಜಾರುಪಟ್ಟಿಗಳ ಮೇಲೆ ವೇಗವಾಗಿ ಸಾಗಿಬಂದು, ಏದುಸಿರಿನ ನಡುವೆಯೇ 50 ಮೀಟರು ದೂರದ ಐದು ಗುರಿಗಳಿಗೆ ಬಂದೂಕಿನಿಂದ ಗುಂಡು ಹೊಡೆಯಬೇಕು. ಮಲಗಿ ಹೊಡೆಯುವಾಗ ಗುರಿಯ ಅಗಲ ಕೇವಲ 45 ಮಿಲಿಮೀಟರು. ಹಲವು ಪಂದ್ಯಗಳಲ್ಲಿ ಗುರಿ ತಪ್ಪಿದೊಂದೊಂದಕ್ಕೂ 150 ಮೀಟರಿನ ಒಂದು ಸುತ್ತು ದಂಡ. ಓಡುವವನ ಎದೆ ಹೊಡೆದುಕೊಳ್ಳುತ್ತದೆ, ಗುರಿಯಿಡುವವನ ಎದೆ ಶಾಂತವಾಗಿರಬೇಕು. ಎರಡೂ ಒಬ್ಬನ ಎದೆಯಲ್ಲೇ ಆಗಬೇಕಾದುದು ಈ ಆಟದ ಮರ್ಮ. ನಮ್ಮ ಮಾಸ್ತರರು ಗೋಡೆಯ ಮೇಲೆ ಐದು ಗರಟೆಗಳನ್ನಿಟ್ಟು, ಮೈದಾನಕ್ಕೆ ಎರಡು ಸುತ್ತು ಓಡಿಬಂದು ಬಟ್ಟೆಯ ಚೆಂಡಿನಿಂದ ಹೊಡೆಯಿರಿ ಎಂದರು. ತಪ್ಪಿದೊಂದೊಂದಕ್ಕೆ ಹಲಸಿನ ಮರವನ್ನು ಒಮ್ಮೆ ಸುತ್ತಿಬರುವ ದಂಡ.

ಆ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ತುಸು ದಪ್ಪ ಮೈ, ನಿಧಾನದ ನಡಿಗೆ. ಆಟದ ತಾಸಿನಲ್ಲಿ ಅವಳನ್ನು ಯಾವ ಪಂಗಡವೂ ಕರೆಯುವುದಿಲ್ಲವೆಂದೂ, ಉಳಿದವರ ಚೀಲ ಕಾಯುವುದೇ ಅವಳ ಕೆಲಸವೆಂದೂ ಆಮೇಲೆ ತಿಳಿಯಿತು. ಅಂದು ಮಾಸ್ತರರು, “ಬಾ ತಂಗಿ, ಚೀಲ ತಮ್ಮಷ್ಟಕ್ಕೆ ತಾವೇ ಇರುತ್ತವೆ” ಎಂದು ಕರೆದರು. ಅವಳು ಓಟದಲ್ಲಿ ಕೊನೆಯವಳಾಗಿಯೇ ಬಂದಳು. ಅಷ್ಟು ಹೊತ್ತಿಗೆ ಮಿಂಚಿನಂತೆ ಓಡಿಬಂದಿದ್ದ ಹುಡುಗರು ಏದುಸಿರಿನಲ್ಲಿ ಚೆಂಡೆಸೆದು, ಒಂದರ ಮೇಲೊಂದು ಗುರಿ ತಪ್ಪಿ, ಹಲಸಿನ ಮರಕ್ಕೆ ಪ್ರದಕ್ಷಿಣೆ ಹಾಕುತ್ತಿದ್ದರು. ಇವಳು ನಿಂತಳು, ಉಸಿರನ್ನು ನಿಧಾನವಾಗಿ ಬಿಟ್ಟಳು, ಎಸೆದಳು. ಐದು ಚೆಂಡಿಗೆ ಐದು ಗರಟೆ ಉರುಳಿದವು. ಮೂರನೆಯವಳಾಗಿ ಗೆರೆ ಮುಟ್ಟಿದಳು.

ಮಕ್ಕಳು ಕೂಗಿದ ಕೂಗಿಗೆ ಮರದ ಕಾಗೆಗಳೆಲ್ಲ ಎದ್ದುಹೋದವು. ಅವಳು ಮಾತ್ರ ನಗಲಿಲ್ಲ. ಮಾಸ್ತರರ ಬಳಿಗೆ ಬಂದು, “ನಾಳೆಯೂ ಇದನ್ನೇ ಆಡಿಸುತ್ತೀರಾ, ಮಾಸ್ತರೇ?” ಎಂದು ಕೇಳಿದಳು.

ಮಾಸ್ತರರು ನನ್ನ ಮುಖ ನೋಡಿದರು. ಪರೀಕ್ಷೆ ಸಮೀಪಿಸಿತೆಂದು ಮರುದಿನದಿಂದ ಆಟದ ತಾಸನ್ನು ಗಣಿತಕ್ಕೆ ಬಿಟ್ಟುಕೊಡುವುದೆಂದು ಆಗಲೇ ತೀರ್ಮಾನವಾಗಿತ್ತು. ಅವರು, “ನೋಡೋಣ ತಂಗಿ” ಎಂದಷ್ಟೇ ಹೇಳಿದರು. ಮಕ್ಕಳಿಗೆ ಆ ‘ನೋಡೋಣ’ದ ಅರ್ಥ ಗೊತ್ತಿರುತ್ತದೆ. ಅವಳು ಹೋಗಿ ತನ್ನ ಚೀಲವನ್ನು ಹೆಗಲಿಗೇರಿಸಿದಳು.

ಗಣಿತ ಬೇಡವೆಂದು ಯಾರೂ ಹೇಳರು. ಆದರೆ ವಾರದ ಒಂದೆರಡು ತಾಸುಗಳನ್ನೂ ಕಿತ್ತುಕೊಂಡರೆ ಕಳೆದುಹೋಗುವುದು ಚಾಂಪಿಯನ್ನನ ತಾಸಲ್ಲ. ಅವನು ಬಯಲಿನಲ್ಲಿ, ಕಡಲ ತಡಿಯಲ್ಲಿ, ಎಲ್ಲಿಯಾದರೂ ಆಡಿಕೊಳ್ಳುತ್ತಾನೆ. ಕಳೆದುಹೋಗುವುದು ಚೀಲ ಕಾಯುವ ಹುಡುಗಿಯ ತಾಸು.

ಆದುದರಿಂದ, ಕುಮಟೆಯ ಮಾಸ್ತರೇ, ತಮ್ಮ ಆಸೆ ಹುಚ್ಚಲ್ಲ. ಹಾಳೆಗೆ ದುಡ್ಡಿಲ್ಲ, ಗರಟೆ ಪ್ರತಿಯೊಂದು ಅಡುಗೆಮನೆಯಲ್ಲೂ ಸಿಕ್ಕುತ್ತದೆ. ತಮ್ಮ ಮುಖ್ಯೋಪಾಧ್ಯಾಯರನ್ನೂ ಒಮ್ಮೆ ಹಾಳೆಯ ಮೇಲೆ ಕೂರಿಸಿ ಎಳೆಯಿರಿ. ಮೂವರು ಮಂಜುನಾಥರು ನೆರವಿಗಿದ್ದಾರೆ. ಆದರೆ ಮೊದಲು, ವೇಳಾಪಟ್ಟಿಯಲ್ಲಿರುವ ಆ ತಾಸನ್ನು ಯಾರಿಗೂ ಬಿಟ್ಟುಕೊಡಬೇಡಿ. ಯಾರಾದರೂ ಹುಡುಗಿ “ನಾಳೆಯೂ ಉಂಟೆ?” ಎಂದು ಕೇಳಿದಾಗ “ಉಂಟು” ಎನ್ನುವ ಹಾಗಿರಿ.