ಚೀತಾ ಹಾರಾಟ ಮತ್ತು ಹತ್ತರಗಿಯ ಕೌಶಲ

ಬೆಳಗಾವಿ ಜಿಲ್ಲೆಯ ನಿಡಸೋಸಿ ಎಂದೊಡನೆ ನೆನಪಾಗುವುದು ದುರದುಂಡೀಶ್ವರ ಮಠ. ಆ ಊರಿನಲ್ಲಿ ಎಂಜಿನಿಯರಿಂಗ್ ಕಾಲೇಜೂ ಇದೆ. ಅದೇ ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ವಿಶೇಷ ಆರ್ಥಿಕ ವಲಯವಿದೆ. ಅಲ್ಲಿಂದ ಏರ್‌ಬಸ್, ಬೋಯಿಂಗ್ ವಿಮಾನಗಳಿಗೆ ಲೋಹದ ಭಾಗಗಳು ಹೋಗುತ್ತವೆ. ಕಬ್ಬಿನ ಸೀಮೆಯ ಈ ಸಾಧನೆ ಸಣ್ಣದಲ್ಲ. ಈ ಕೌಶಲವನ್ನು ನಮ್ಮ ಸೇನೆಯ ವೀಕ್ಷಣಾ ಹೆಲಿಕಾಪ್ಟರ್‌ಗಳಿಗೂ ಏಕೆ ಒದಗಿಸಿಕೊಳ್ಳಬಾರದು ಎಂಬುದು ನನ್ನ ಪ್ರಶ್ನೆ.

ಶತ್ರುವಿನ ಚಲನವಲನ ಗಮನಿಸಲು, ಫಿರಂಗಿಗಳ ಗುರಿಯನ್ನು ತಿದ್ದಲು, ಸಿಯಾಚಿನ್‌ನ ಸುಮಾರು 20,000 ಅಡಿ ಎತ್ತರದ ಠಾಣೆಗಳಿಗೆ ಸಾಮಗ್ರಿ ಒಯ್ದು ಗಾಯಾಳುಗಳನ್ನು ಕೆಳಗಿಳಿಸಲು ಸೇನೆ ದಶಕಗಳಿಂದ ನೆಚ್ಚಿಕೊಂಡಿರುವುದು ಚೀತಾವನ್ನು. ಇದರ ಮೂಲ ಫ್ರಾನ್ಸಿನ 'ಲಾಮಾ'. 1972ರಲ್ಲಿ 12,442 ಮೀಟರ್ ಎತ್ತರಕ್ಕೇರಿ ದಾಖಲೆ ಬರೆದ ಹೆಲಿಕಾಪ್ಟರ್ ಅದು. 1970ರ ಪರವಾನಗಿ ಒಪ್ಪಂದದಂತೆ ಬೆಂಗಳೂರಿನ ಎಚ್‌ಎಎಲ್ ಇದನ್ನು ತಯಾರಿಸಿತು. ಮೂಲ ತಯಾರಕರು ಲಾಮಾ ನಿರ್ಮಾಣ ನಿಲ್ಲಿಸಿ ದಶಕಗಳೇ ಕಳೆದಿವೆ. ಆ ಕಂಪನಿಯ ಇಂದಿನ ವಾರಸುದಾರ ಏರ್‌ಬಸ್!

ಹೆಲಿಕಾಪ್ಟರಿನ ಆಯುಷ್ಯವನ್ನು ನಿರ್ಧರಿಸುವುದು ಅದರ ಬಿಡಿಭಾಗಗಳು. ತಿರುಗುವ ಅಲಗು, ಗೇರು, ಬೇರಿಂಗ್‌ಗಳಿಗೆ ಇಂತಿಷ್ಟು ಗಂಟೆ ಎಂಬ ಮಿತಿಯಿದೆ. ಗಡುವು ಮುಗಿದರೆ, ಕಣ್ಣಿಗೆ ಗಟ್ಟಿಯಾಗಿ ಕಂಡರೂ ಬದಲಿಸಲೇಬೇಕು. ಬದಲಿ ಭಾಗ ಸಿಗದಿದ್ದರೆ ಎರಡೇ ದಾರಿ: ಹೆಲಿಕಾಪ್ಟರನ್ನು ನೆಲದಲ್ಲೇ ನಿಲ್ಲಿಸುವುದು, ಇಲ್ಲವೇ ನಿಂತಿರುವ ಇನ್ನೊಂದರಿಂದ ಬಿಚ್ಚಿ ಜೋಡಿಸುವುದು. ಎರಡರ ಹೊರೆಯೂ ಕೊನೆಗೆ ಬೀಳುವುದು ಹಿಮದ ಠಾಣೆಯಲ್ಲಿ ಕಾಯುವ ಯೋಧನ ಮೇಲೆ.

ಭಾಗ ತಯಾರಿಸುವ ಕೈಗಳು ನಮ್ಮಲ್ಲಿಲ್ಲ ಎನ್ನಲಾಗದು. ತೊಡಕಿರುವುದು ಬೇಡಿಕೆಯ ಸ್ವರೂಪದಲ್ಲಿ. ಪ್ರಯಾಣಿಕ ವಿಮಾನಕ್ಕೆ ಸಾವಿರಗಟ್ಟಲೆ ಭಾಗಗಳು ವರ್ಷಾನುಗಟ್ಟಲೆ ಬೇಕು. ಹಳೆಯ ಹೆಲಿಕಾಪ್ಟರಿಗೆ ಬೇಕಾದುದು ಬೆರಳೆಣಿಕೆಯಷ್ಟು. ಆದರೆ ಅಚ್ಚು, ಪರೀಕ್ಷೆ, ಸೇನಾ ವಿಮಾನಯೋಗ್ಯತೆಯ ಪ್ರಮಾಣಪತ್ರ ಇವುಗಳ ವೆಚ್ಚವನ್ನು ಸಣ್ಣ ಬೇಡಿಕೆಯೂ ಹೊರಬೇಕು. ಅಂಥ ಟೆಂಡರಿಗೆ ಸಣ್ಣ ಕಾರ್ಖಾನೆ ಬೆನ್ನು ತಿರುಗಿಸಿದರೆ ಅದನ್ನು ದೂರುವಂತಿಲ್ಲ.

ಚೀತಾದ ಉತ್ತರಾಧಿಕಾರಿ ಎಂದು ಎಚ್‌ಎಎಲ್ ರೂಪಿಸಿದ ಲಘು ಹೆಲಿಕಾಪ್ಟರ್ ಮೊದಲು ಹಾರಿದ್ದು 2016ರ ಸೆಪ್ಟೆಂಬರ್ 6ರಂದು. ಅದಕ್ಕಾಗಿ ಗುಬ್ಬಿ ತಾಲ್ಲೂಕಿನಲ್ಲಿ ಕಟ್ಟಿದ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಹಾರುವ ಯಂತ್ರದಷ್ಟೇ ಗಮನ ಅದರ ಮುಂದಿನ ನಲವತ್ತು ವರ್ಷಗಳ ಬಿಡಿಭಾಗಕ್ಕೂ ಸಲ್ಲಬೇಕು. ದೀರ್ಘಾವಧಿ ಖರೀದಿಯ ಭರವಸೆ, ನಕ್ಷೆಗಳ ಹಂಚಿಕೆ, ಪ್ರಮಾಣೀಕರಣದ ವೆಚ್ಚದಲ್ಲಿ ಸರ್ಕಾರದ ಪಾಲು ಈ ಮೂರನ್ನು ಈಗಲೇ ನಿಗದಿ ಮಾಡಬೇಕು. ಹಾಗಾದರೆ ನಿಡಸೋಸಿಯಲ್ಲಿ ಓದಿದ ಹುಡುಗ ಹತ್ತರಗಿಯಂಥ ಕಡೆ ಕಡೆದ ಗೇರು ಸಿಯಾಚಿನ್‌ನಲ್ಲಿ ತಿರುಗೀತು. ಇಲ್ಲವಾದರೆ ಹೊಸ ಹೆಲಿಕಾಪ್ಟರಿಗೂ ಚೀತಾದ ಪಾಡೇ ಗತಿ.