ಸಾಲಿನಲ್ಲಿ ಸಿಕ್ಕಿಕೊಂಡ ಮಾತು

ಮನೆಯಲ್ಲಿ ಕುಳಿತ ಹುಡುಗನೊಬ್ಬ ಕಂಪ್ಯೂಟರಿನ ಮೂಲಕ ಮೇಷ್ಟ್ರ ಪ್ರಶ್ನೆಗೆ ಉತ್ತರ ಹೇಳುತ್ತಿದ್ದಾನೆ ಎಂದಿಟ್ಟುಕೊಳ್ಳಿ. ಅದೇ ಹೊತ್ತಿಗೆ ಅಕ್ಕ ಮದುವೆಯ ವಿಡಿಯೋವನ್ನು ಚಿಕ್ಕಮ್ಮನಿಗೆ ಕಳುಹಿಸತೊಡಗುತ್ತಾಳೆ. ಮೇಷ್ಟ್ರಿಗೆ ಹುಡುಗನ ಮಾತು ತುಂಡು ತುಂಡಾಗಿ ಕೇಳಿಸುತ್ತದೆ. ‘ಓದಿಲ್ಲ, ತಡವರಿಸುತ್ತಿದ್ದಾನೆ’ ಎಂದು ಅವರು ತಿಳಿದರೆ ಹುಡುಗನಿಗೆ ಅನ್ಯಾಯ!

ಜಾಲದಲ್ಲಿ ಮಾತು, ಚಿತ್ರ ಎಲ್ಲವೂ ‘ಪ್ಯಾಕೆಟ್’ ಎಂಬ ಪುಟ್ಟ ಪೊಟ್ಟಣಗಳಾಗಿ ಸಾಗುತ್ತವೆ. ವಿಡಿಯೋದ ಒಂದು ಪೊಟ್ಟಣ ಸುಮಾರು 1500 ಬೈಟ್, ಅಂದರೆ 12,000 ಬಿಟ್. ಮನೆಯಿಂದ ಹೊರಹೋಗುವ ವೇಗ ಸೆಕೆಂಡಿಗೆ 10 ಲಕ್ಷ ಬಿಟ್ ಆದರೆ, ಒಂದನ್ನು ಸಾಗಹಾಕಲು 12 ಮಿಲಿಸೆಕೆಂಡ್ ಬೇಕು. ಅಂಥ 50 ಪೊಟ್ಟಣಗಳ ಹಿಂದೆ ನಿಂತ ಮಾತು 600 ಮಿಲಿಸೆಕೆಂಡ್ ಕಾಯಬೇಕು. ಸಂಭಾಷಣೆ ಸಲೀಸಾಗಿರಲು ಅದು 150 ಮಿಲಿಸೆಕೆಂಡಿನೊಳಗೆ ಆಚೆ ಬದಿ ಮುಟ್ಟಬೇಕು. ವಿಡಿಯೋ ಅರ್ಧ ಸೆಕೆಂಡ್ ತಡವಾದರೆ ಚಿಕ್ಕಮ್ಮನಿಗೇನೂ ನಷ್ಟವಿಲ್ಲ.

ಪ್ರತಿ ಕರೆಗೂ ದಾರಿಯುದ್ದಕ್ಕೂ ಜಾಗ ಕಾದಿರಿಸುವ ಯೋಜನೆಯೊಂದನ್ನು 1994ರಲ್ಲಿ ಅಂತರಜಾಲ ತಜ್ಞರು ಮುಂದಿಟ್ಟರು. ಭರವಸೆಯೇನೋ ಗಟ್ಟಿ. ಆದರೆ ಪೊಟ್ಟಣಗಳಿಗೆ ದಾರಿ ತೋರುವ ಪ್ರತಿ ರೂಟರೂ ಪ್ರತಿ ಕರೆಯ ಲೆಕ್ಕ ಇಡಬೇಕು. ಲಕ್ಷಾಂತರ ಕರೆಗಳು ಕೂಡುವ ದೊಡ್ಡ ರೂಟರುಗಳಿಗೆ ಇದು ಹೊರಲಾಗದ ಹೊರೆ. 1998ರಲ್ಲಿ ಬೇರೊಂದು ಉಪಾಯ ಬಂತು. ಪೊಟ್ಟಣದ ತಲೆಯ ಮೇಲೆ 6 ಬಿಟ್‌ಗಳ ಗುರುತು ಹಾಕುವುದು. ಇದರಿಂದ 64 ಬಗೆಯ ಗುರುತುಗಳು ಸಾಧ್ಯ. ನಡುವಿನ ರೂಟರು ‘ಯಾರದು?’ ಎಂದು ಕೇಳುವುದಿಲ್ಲ, ಗುರುತು ನೋಡಿ ದಾರಿ ಬಿಡುತ್ತದೆ. ಆಂಬುಲೆನ್ಸಿನ ಸೈರನ್ ಕೇಳಿದೊಡನೆ ಪೊಲೀಸರು ಒಳಗಿರುವ ರೋಗಿಯ ಹೆಸರು ಕೇಳುತ್ತಾರೆಯೇ?

ಇಲ್ಲಿ ಒಬ್ಬೊಬ್ಬರಿಗೂ ಪ್ರತ್ಯೇಕ ಭರವಸೆ ಇಲ್ಲವೆನ್ನುವುದು ನಿಜ. ಒಂದೇ ಗುರುತಿನ ಪೊಟ್ಟಣಗಳು ವಿಪರೀತವಾದರೆ ಅವುಗಳದ್ದೇ ಸಾಲು ಬೆಳೆಯುತ್ತದೆ. ಆಟೋಗಳೆಲ್ಲ ಸೈರನ್ ಹಾಕಿಕೊಂಡಂತೆ! ಆದ್ದರಿಂದ ಜಾಲದ ಬಾಗಿಲಲ್ಲೇ ತಪಾಸಣೆ ನಡೆಯುತ್ತದೆ. ಹೊರಗಿನವರು ಹಾಕಿದ ಗುರುತನ್ನು ಅಳಿಸಿಬಿಡುವ ಜಾಲಗಳೂ ಉಂಟು.

ಆದರೆ ಈ ಹುಡುಗನ ಮಾತು ಸಿಕ್ಕಿಕೊಂಡದ್ದು ದೂರದಲ್ಲೆಲ್ಲೋ ಅಲ್ಲ, ಮನೆಯ ರೂಟರಿನಲ್ಲೇ. ಮಾತಿಗೆ ಆದ್ಯತೆ ಕೊಡುವ ಸೌಲಭ್ಯ ಕೆಲವು ರೂಟರುಗಳಲ್ಲಿದೆ. ತಂದೆತಾಯಿ ಅದನ್ನೊಮ್ಮೆ ಹುಡುಕಿ ನೋಡಬಹುದು. ಮಾತಿಗೆ ಬೇಕಾದದ್ದು ಈ ವೇಗದ ಹತ್ತನೇ ಒಂದು ಪಾಲಿಗಿಂತ ಕಡಿಮೆ. ಹತ್ತು ನಿಮಿಷದಲ್ಲಿ ಹೋಗಬೇಕಾಗಿದ್ದ ಅಕ್ಕನ ವಿಡಿಯೋ ಹನ್ನೊಂದು ನಿಮಿಷ ತೆಗೆದುಕೊಂಡೀತು, ಅಷ್ಟೆ.