ಸೊಟ್ಟ ಬೀದಿಯ ಒಕ್ಕಲು

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಪಟ್ಟಣವು ಗುಡ್ಡಗಳ ಮೇಲೆ ಹಬ್ಬಿದ ಊರು. ಅದರ ನಕ್ಷೆ ಬರೆದವರು ನೆಲದ ಏರಿಳಿತವನ್ನು ಲೆಕ್ಕಿಸದೆ, ಚದುರಂಗದ ಹಾಸಿನಂತೆ ಬೀದಿಗಳನ್ನು ನೆಟ್ಟಗೆ ಎಳೆದುಬಿಟ್ಟರು. ಆದುದರಿಂದ ಅಲ್ಲಿನ ಅನೇಕ ಬೀದಿಗಳು ಗುಡ್ಡವನ್ನು ಬಳಸಿ ಹೋಗದೆ ನೆತ್ತಿಯವರೆಗೆ ನೇರವಾಗಿ ಏರಿ, ಆಚೆಗೆ ನೇರವಾಗಿ ಇಳಿಯುತ್ತವೆ. ಕುದುರೆಗಳಿಗೆ ಈ ಏರುಗಳು ಪ್ರಾಣಸಂಕಟವಾಗಿದ್ದ ಕಾಲದಲ್ಲಿ, 1873ರಲ್ಲಿ, ಆಂಡ್ರೂ ಹ್ಯಾಲಿಡಿ ಎಂಬವರು ನೆಲದೊಳಗೆ ಓಡುವ ಉಕ್ಕಿನ ಹಗ್ಗವನ್ನು ಹಿಡಿದು ಏರುವ ಕೇಬಲ್ ಕಾರನ್ನು ನಡೆಯಿಸಿದರು.

ಇಂತಹ ಬೀದಿಗಳಲ್ಲೊಂದಾದ ಲೊಂಬಾರ್ಡ್ ಬೀದಿಯು ರಷ್ಯನ್ ಹಿಲ್ ಎಂಬ ಗುಡ್ಡದಲ್ಲಿ, ಹೈಡ್ ಮತ್ತು ಲೆವೆನ್‌ವರ್ತ್ ಬೀದಿಗಳ ನಡುವೆ, ನೂರಡಿಗೆ 27 ಅಡಿ ಇಳಿಯುವಷ್ಟು ಕಡಿದಾಗಿತ್ತು. ಆ ದಿನಗಳ ಮೋಟಾರುಗಳಿಗೆ ಅದು ನಿಲುಕದ ದಾರಿ. ಅಲ್ಲಿ ನಿವೇಶನ ಹೊಂದಿದ್ದ ಕಾರ್ಲ್ ಹೆನ್ರಿ ಎಂಬವರು ಬೀದಿಯನ್ನು ಬಳುಕಿಸುವ ಸಲಹೆಯನ್ನಿತ್ತರು. 1922ರಲ್ಲಿ ಎಂಟು ತಿರುವುಗಳ ರಸ್ತೆಯಾಯಿತು. ಉಪಾಯವು ನಮ್ಮ ಘಟ್ಟದ ರಸ್ತೆಗಳದೇ: ಇಳಿಯಬೇಕಾದ ಎತ್ತರವು ಅಷ್ಟೇ ಇದ್ದು ದಾರಿಯು ಉದ್ದವಾದರೆ ಇಳಿಜಾರು ತಗ್ಗುವುದು. ಇಲ್ಲಿ ಅದು ನೂರಕ್ಕೆ 16ರಷ್ಟಕ್ಕೆ ಬಂದಿತು. ಋಜು ಶಬ್ದದಿಂದ ಆರ್ಜವವೆಂಬ ಭಾವನಾಮವು ಹುಟ್ಟಿತೆಂದು ಮಕ್ಕಳಿಗೆ ಎಷ್ಟೋ ವರ್ಷ ಪಾಠ ಹೇಳಿದ ನಮಗೆ, ವಕ್ರತೆಯ ಈ ಉಪಕಾರವನ್ನು ಕಂಡು ನಗು ಬಂದಿತು.

ಇಟ್ಟಿಗೆ ಹಾಸಿದ ಈ ದಾರಿಯಲ್ಲಿ ವಾಹನಗಳು ಇಳಿಯಬಹುದಲ್ಲದೆ ಏರಕೂಡದು. ವೇಗವು ಗಂಟೆಗೆ 5 ಮೈಲಿ ಮಾತ್ರ. ಇದಕ್ಕಿಂತಲೂ ವಕ್ರವಾದ ವರ್ಮಾಂಟ್ ಬೀದಿಯು ಅದೇ ಊರಿನಲ್ಲಿದೆ. ಇದಕ್ಕಿಂತ ಕಡಿದಾದ ಫಿಲ್ಬರ್ಟ್ ಬೀದಿಯೂ ದೂರವಿಲ್ಲ. ಆದರೂ ಜನವೆಲ್ಲ ಬರುವುದು ಇಲ್ಲಿಗೇ. ತಿರುವುಗಳ ನಡುವಣ ಪಾತಿಗಳಲ್ಲಿ ಬೆಳೆಸಿದ ಹೈಡ್ರೇಂಜಿಯ ಹೂಗಳೇ ಇದಕ್ಕೆ ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ.

ವಿನೋದವೇನೆಂದರೆ, ಮನೆಯವರು ಮನೆ ಸೇರಲೆಂದು ಮಾಡಿದ ದಾರಿಯಲ್ಲಿ ಈಗ ಅವರಿಗೇ ದಾರಿ ದುರ್ಲಭವಾಗಿದೆ. ನಾವು ಹೋದಂದು ಮೇಲಿನ ಬೀದಿಯಲ್ಲಿ ಮೋಟಾರುಗಳ ಸಾಲು ಕಾದು ನಿಂತಿತ್ತು. ತರಕಾರಿಯ ಚೀಲಗಳನ್ನು ಹೊತ್ತ ವೃದ್ಧೆಯೊಬ್ಬರು ಸ್ವಂತ ಬಾಗಿಲಿನ ಮೆಟ್ಟಿಲ ಮೇಲೆ ಕುಳಿತು ಚಿತ್ರ ತೆಗೆಸಿಕೊಳ್ಳುತ್ತಿದ್ದ ತರುಣರು ಏಳುವವರೆಗೆ ಸುಮ್ಮನೆ ನಿಂತಿದ್ದರು. ಬೈದಿದ್ದರೆ ನಮಗೆ ಸಮಾಧಾನವಾಗುತ್ತಿತ್ತು.

ವರ್ಷಕ್ಕೆ ಸುಮಾರು 20 ಲಕ್ಷ ಜನ ಬರುವರೆಂದು ಅಂದಾಜು ಮಾಡಿ, ವಾಹನದವರು ಮುಂಗಡವಾಗಿ ಸಮಯ ಗೊತ್ತುಮಾಡಿಕೊಂಡು ಸುಂಕ ತೆರಬೇಕೆಂಬ ಏರ್ಪಾಡನ್ನು ಊರಿನವರು ಯೋಚಿಸಿದರು. ಅದಕ್ಕೆ ಅನುಮತಿ ಕೊಡುವ ಮಸೂದೆಯು ಪ್ರಾಂತದ ಶಾಸನಸಭೆಯಲ್ಲಿ ಅಂಗೀಕೃತವಾದರೂ, 2019ರ ಅಕ್ಟೋಬರಿನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ಅದನ್ನು ತಳ್ಳಿಹಾಕಿದರು. ಹಣವಿಲ್ಲದವನಿಗೂ ಈ ಬೀದಿಯನ್ನು ನೋಡುವ ಅವಕಾಶವಿರಬೇಕೆಂಬುದು ಅವರ ವಾದ. ವಾದವು ನ್ಯಾಯವೇ, ಸಾರ್ವಜನಿಕ ಬೀದಿಗೆ ಟಿಕೀಟು ಹಚ್ಚುವುದು ನಮಗೂ ಒಪ್ಪಿಗೆಯಾಗದು. ಆದರೆ ಸುಂಕವಿಲ್ಲದೆಯೂ ಸರದಿಯನ್ನು ಗೊತ್ತುಮಾಡಬಹುದಷ್ಟೆ. ಅದನ್ನಾದರೂ ಉಳಿಸಿಕೊಂಡಿದ್ದರೆ ಆ ವೃದ್ಧೆಗೆ ಚೀಲವಿಳಿಸಲು ಎಡೆ ದೊರೆಯುತ್ತಿತ್ತೇನೋ.

ಅಲ್ಲಿ ಮಕ್ಕಳ ಮನೆಗೆ ಹೋಗುವ ಓದುಗರು ಮೋಟಾರಿನ ಆಸೆಯನ್ನು ಬಿಟ್ಟು, ಪವೆಲ್–ಹೈಡ್ ಕೇಬಲ್ ಕಾರಿನಲ್ಲಿ ಬೀದಿಯ ನೆತ್ತಿಗೆ ಹೋಗಿ ಇಳಿಯಲಿ. ಎರಡು ಪಕ್ಕಗಳಲ್ಲಿಯೂ ಮೆಟ್ಟಿಲುಗಳಿವೆ. ಮೊಣಕಾಲು ನೋಯುವವರು ಕಂಬಿಯನ್ನು ಹಿಡಿದುಕೊಳ್ಳಬೇಕು. ಮನೆಗಳ ಮೆಟ್ಟಿಲುಗಳ ಮೇಲೆ ಮಾತ್ರ ಕುಳಿತುಕೊಳ್ಳಬಾರದು.